ದಂಡಿನಿಂದ ಕೂಪರೇಜಿಗೆ

ಮುಂಬಯಿಯ ಚರ್ಚ್‌ಗೇಟ್ ಸ್ಟೇಷನ್ನಿನಿಂದ ಹೊರಬಿದ್ದು, ಓವಲ್ ಮೈದಾನದ ಬದಿ ಹಿಡಿದು ದಕ್ಷಿಣಕ್ಕೆ ನಡೆದರೆ, ಕೊಲಾಬಾ ಸೇರುವ ಮುಂಚೆಯೇ ಕೂಪರೇಜ್ ಸಿಗುತ್ತದೆ. ಕೂಪರ್ ಎಂದರೆ ಪೀಪಾಯಿ ಕಟ್ಟುವವನು. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಇಲ್ಲಿ ಪೀಪಾಯಿ ಕಟ್ಟುವವರ ಶೆಡ್ಡುಗಳಿದ್ದವು. ಪೀಪಾಯಿಗಳು ಹೋಗಿ ಎರಡು ಶತಮಾನ ಕಳೆದರೂ ಹೆಸರು ಹಾಗೇ ಅಂಟಿಕೊಂಡಿದೆ. ಈಗ ಅಲ್ಲಿ ಪ್ಲಾಸ್ಟಿಕ್ ಹುಲ್ಲಿನ ಹಾಸು, ನೆತ್ತಿಯ ಮೇಲೆ ದೀಪದ ಕಂಬ, ಸುತ್ತ ದಕ್ಷಿಣ ಮುಂಬಯಿಯ ದುಬಾರಿ ಕಟ್ಟಡಗಳು.

ಈ ಮೈದಾನದಲ್ಲಿ 1937ರಲ್ಲಿ ನಡೆದ ಒಂದು ಪಂದ್ಯವನ್ನು ಕರ್ನಾಟಕ ಬಹುಪಾಲು ಮರೆತಿದೆ. ಮುಂಬಯಿಯೂ ನೆನಪಿಟ್ಟುಕೊಂಡಂತಿಲ್ಲ. ಅದು ರೋವರ್ಸ್ ಕಪ್ಪಿನ ಫೈನಲ್. ಒಂದು ಕಡೆ ಕಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್, ಆಗಿನ ದೇಶದ ಅತಿ ದೊಡ್ಡ ಹೆಸರು. ಇನ್ನೊಂದು ಕಡೆ ಬೆಂಗಳೂರಿನ ದಂಡು ಪ್ರದೇಶದ ಒಂದು ಹವ್ಯಾಸಿ ತಂಡ, ಬೆಂಗಳೂರು ಮುಸ್ಲಿಮ್ಸ್. ಗೆದ್ದದ್ದು ಬೆಂಗಳೂರು, 1-0. ನಲವತ್ತಾರು ವರ್ಷಗಳಿಂದ ಗೋರಾ ಪಲ್ಟಣಗಳ ಕೈಯಲ್ಲೇ ಓಡಾಡುತ್ತಿದ್ದ ಕಪ್ ಮೊದಲ ಬಾರಿಗೆ ಭಾರತೀಯರ ಕೈಗೆ ಬಂತು.

ರೋವರ್ಸ್ ಎಂದರೆ ಅಲೆಮಾರಿಗಳು. 1891ರಲ್ಲಿ ಬೊಂಬಾಯಿಯ ಆಂಗ್ಲ ಫುಟ್‌ಬಾಲ್ ಪ್ರಿಯರು ಶುರು ಮಾಡಿದ ಈ ಪಂದ್ಯಾವಳಿಗೆ ಆ ಹೆಸರು ಚೆನ್ನಾಗಿಯೇ ಒಪ್ಪುತ್ತಿತ್ತು. ಅದನ್ನು ಆಡುತ್ತಿದ್ದ ಪಲ್ಟಣಗಳು ಒಂದು ಊರಲ್ಲಿ ನಿಂತ ನೀರಾಗಿರುತ್ತಿರಲಿಲ್ಲ. ಇಂದು ಪುಣೆ, ನಾಳೆ ಸಿಕಂದರಾಬಾದ್, ನಾಡಿದ್ದು ಇನ್ನೆಲ್ಲೋ ಗಡಿ. ಮೊದಲ ಕಪ್ ಗೆದ್ದದ್ದು ವೂಸ್ಟರ್‌ಶೈರ್ ರೆಜಿಮೆಂಟಿನ ಮೊದಲನೆಯ ಪಡೆ. ಸಿಮ್ಲಾದ ಡ್ಯುರಾಂಡ್ ಕಪ್ 1888ರಲ್ಲಿ ಹುಟ್ಟಿತ್ತು, ಅದೂ ಪಲ್ಟಣಗಳದೇ. ಬಿಸಿಲಲ್ಲಿ ಬೇಸರದಿಂದ ಬೇಯುತ್ತಿದ್ದ ಸಿಪಾಯಿಗಳನ್ನು ಹೆಂಡದಂಗಡಿಯಿಂದ ಸ್ವಲ್ಪ ಹೊತ್ತಾದರೂ ದೂರವಿಡಲು ಚೆಂಡಿಗಿಂತ ಅಗ್ಗದ ಉಪಾಯ ಅಧಿಕಾರಿಗಳಿಗೆ ಹೊಳೆದಿರಲಾರದು.

ಬೊಂಬಾಯಿಯಲ್ಲಿ 1902ರಿಂದ ಹಾರ್ವುಡ್ ಲೀಗ್ ನಡೆಯತೊಡಗಿತು. 1911ರಲ್ಲಿ ಲೀಗ್ ನಡೆಸುವವರೂ ರೋವರ್ಸ್ ನಡೆಸುವವರೂ ಒಂದಾಗಿ ವೆಸ್ಟರ್ನ್ ಇಂಡಿಯಾ ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿದರು. ಅದೇ 1911ರಲ್ಲಿ ಕಲ್ಕತ್ತದಲ್ಲಿ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಎತ್ತಿತು. ಬರಿಗಾಲಿನ ಬಂಗಾಳಿ ಹುಡುಗರು ಬೂಟಿನ ಸಾಹೇಬರನ್ನು ಮಣಿಸಿದ ಆ ಕಥೆಯನ್ನು ಬಂಗಾಳ ಇಂದಿಗೂ ಸ್ವಾತಂತ್ರ್ಯ ಹೋರಾಟದ ಅಧ್ಯಾಯವೆಂಬಂತೆ ಹೇಳುತ್ತದೆ. ಬೊಂಬಾಯಿಯ ಕಪ್ ಮಾತ್ರ ಅಷ್ಟು ಸುಲಭವಾಗಿ ಬಗ್ಗಲಿಲ್ಲ. 1923ರಲ್ಲಿ ಮೋಹನ್ ಬಾಗಾನ್ ಇಲ್ಲಿಗೂ ಬಂತು, ಫೈನಲ್ ತಲುಪಿದ ಮೊದಲ ಭಾರತೀಯ ತಂಡ ಎನಿಸಿತು, ಆದರೆ ಡರ್ಹಾಮ್ ಲೈಟ್ ಇನ್‌ಫೆಂಟ್ರಿಯ ಎದುರು 1-4ರಿಂದ ಸೋತು ಹೌರಾ ರೈಲು ಹತ್ತಿತು. ಅದಾದ ಮೇಲೆ ಮತ್ತೆ ಹದಿನಾಲ್ಕು ವರ್ಷ ಕಪ್ ಪಲ್ಟಣಗಳಲ್ಲೇ ಸುತ್ತಿತು.

ಇನ್ನು ದಂಡಿನ ಕಥೆ.

ಬೆಂಗಳೂರು ಆಗ ಒಂದು ಊರಾಗಿರಲಿಲ್ಲ, ಎರಡಾಗಿತ್ತು. ಕೆಂಪೇಗೌಡರ ಪೇಟೆ ಮೈಸೂರು ಮಹಾರಾಜರದು. ಅದರ ಪೂರ್ವಕ್ಕೆ, 1809ರಲ್ಲಿ ಹುಟ್ಟಿದ ದಂಡು ಬ್ರಿಟಿಷರದು. ಅದಕ್ಕೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಉದ್ದನೆಯ ಹೆಸರು, ಬೇರೆಯದೇ ಪುರಸಭೆ, ಬೇರೆಯದೇ ಕಾನೂನು. ನಡುವೆ ಕಬ್ಬನ್ ಪಾರ್ಕಿನ ಮರಗಳು. ಪೇಟೆಯ ಕನ್ನಡಿಗ ಮನೆಗಳಿಗೆ ದಂಡು ಎಂದರೆ ಪರದೇಶದಂತೆ. ಪಲ್ಟಣಗಳ ಹಿಂದೆ ಬಂದ ತಮಿಳರು, ಉರ್ದು ಮಾತಿನ ಮುಸ್ಲಿಮರು, ತೆಲುಗರು, ಆಂಗ್ಲೋ-ಇಂಡಿಯನ್ನರು ಬ್ಲಾಕ್‌ಪಳ್ಳಿಯಲ್ಲಿ (ಇಂದಿನ ಶಿವಾಜಿನಗರದಲ್ಲಿ), ಹಲಸೂರಿನಲ್ಲಿ, ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದಲ್ಲಿ ನೆಲೆಸಿದ್ದರು. ಸಾಹೇಬರಿಗೆ ಕುದುರೆ ಮೇಯಿಸುವವರು, ಅಡುಗೆಯವರು, ದರ್ಜಿಗಳು, ಬಟ್ಟೆ ಒಗೆಯುವವರು, ಮೋಚಿಗಳು, ಕಟುಕರು, ಗುಜರಿಯವರು. ಪಲ್ಟಣದ ಮೈದಾನದ ಅಂಚಿನಲ್ಲಿ ನಿಂತು ಆಟ ನೋಡುತ್ತಿದ್ದವರು ಇವರ ಮಕ್ಕಳು. ಚೆಂಡು ಗೆರೆ ದಾಟಿ ಹೊರಗೆ ಬಂದಾಗ ಒದ್ದು ಒಳಗೆ ಕಳಿಸುತ್ತಿದ್ದವರೂ ಇವರೇ.

ಫುಟ್‌ಬಾಲನ್ನು ಆಡಲು ಬೇಕಾದದ್ದು ಒಂದೇ ಒಂದು ಚೆಂಡು. ಕ್ರಿಕೆಟ್ಟಿಗೆ ಬ್ಯಾಟು, ಪ್ಯಾಡು, ಬಿಳಿ ಅಂಗಿ ಬೇಕು; ಹಾಕಿಗೆ ಹನ್ನೊಂದು ಕೋಲು ಬೇಕು. ಬಡವರ ಬೀದಿಗಳಲ್ಲಿ ಫುಟ್‌ಬಾಲ್ ಬೇರೂರಿದ್ದಕ್ಕೆ ಇದಕ್ಕಿಂತ ಗಹನವಾದ ಕಾರಣ ಹುಡುಕಬೇಕಿಲ್ಲ. ಬೆಂಗಳೂರಿನ ನೆಲ ಗಟ್ಟಿ, ಕೆಂಪು ಜಲ್ಲಿ ಮಣ್ಣು. ಅಂಥ ನೆಲದಲ್ಲಿ ಬರಿಗಾಲಲ್ಲಿ ಆಡುವವನು ಚೆಂಡನ್ನು ಬಲವಾಗಿ ಒದೆಯುವುದಕ್ಕಿಂತ ಕಾಲಿಗೆ ಅಂಟಿಸಿಕೊಂಡು ನುಸುಳುವುದನ್ನು ಬೇಗ ಕಲಿಯುತ್ತಾನೆ. ಎದುರಿಗೆ ಬೂಟು ತೊಟ್ಟ ಸೋಲ್ಜರ್ ಇದ್ದರಂತೂ ಕಲಿಕೆ ಇನ್ನೂ ಚುರುಕಾಗುತ್ತದೆ. ಹೆಬ್ಬೆರಳು ಜಜ್ಜಿಹೋಗುವ ಮುಂಚೆ ಚೆಂಡು ಪಕ್ಕದವನಿಗೆ ಹೋಗಿರಬೇಕಲ್ಲ!

ಹೀಗೆ ಬೀದಿಗೊಂದು, ಮೊಹಲ್ಲಾಕ್ಕೊಂದು ಕ್ಲಬ್ ಹುಟ್ಟಿತು. ಬೆಂಗಳೂರು ಕ್ರೆಸೆಂಟ್ಸ್, ಬೆಂಗಳೂರು ಬ್ಲೂಸ್, ಬೆಂಗಳೂರು ಮುಸ್ಲಿಮ್ಸ್ ಎಂಬ ಹೆಸರುಗಳು ಹಳೆಯ ತಲೆಮಾರಿನ ಬಾಯಲ್ಲಿ ಒಂದಾದ ಮೇಲೊಂದು ಬರುತ್ತವೆ. ‘ಹವ್ಯಾಸಿ’ ಎಂಬ ಕನ್ನಡದ ಪದ ಇವರಿಗೆ ಸ್ವಲ್ಪ ಬಿಗಿಯಾಗುತ್ತದೆ. ಹವ್ಯಾಸ ಎಂದೊಡನೆ ಸಂಜೆ ಬಿಡುವಿರುವವರ ಚಿತ್ರ ಬರುತ್ತದೆ. ಇವರು ದಿನದ ದುಡಿಮೆ ಮುಗಿಸಿ ಮೈದಾನಕ್ಕೆ ಓಡುತ್ತಿದ್ದವರು. ಆಟಕ್ಕೆ ಸಂಬಳವಿಲ್ಲ ಎಂಬ ಅರ್ಥದಲ್ಲಿ ಮಾತ್ರ ಹವ್ಯಾಸಿಗಳು.

ಆ ದಿನಗಳ ದೇಶದ ಫುಟ್‌ಬಾಲ್ ಮಾರುಕಟ್ಟೆ ಕಲ್ಕತ್ತ. ಅಲ್ಲಿ 1934ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಲೀಗ್ ಗೆದ್ದ ಮೊದಲ ಭಾರತೀಯ ಕ್ಲಬ್ಬಾಯಿತು. ಗೆದ್ದದ್ದು ಒಂದು ಸಲವಲ್ಲ, 1938ರ ವರೆಗೆ ಸತತ ಐದು ವರ್ಷ. ಈ ಯಶಸ್ಸಿನ ಹಿಂದೆ ಎರಡು ಗುಟ್ಟುಗಳಿದ್ದವು. ಮಳೆಯ ದಿನ ಒದ್ದೆ ಹುಲ್ಲಿನ ಮೇಲೆ ಬರಿಗಾಲು ಜಾರುತ್ತದೆ ಎಂದು ಅರಿತು ಅವರು ಆಟಗಾರರಿಗೆ ಬೂಟು ಹಾಕಿಸಿದ್ದು ಒಂದು. ಬಂಗಾಳದ ಆಚೆಗೆ ಕೈಚಾಚಿ, ಬೆಂಗಳೂರಿನಿಂದ, ವಾಯವ್ಯ ಗಡಿಯ ಊರುಗಳಿಂದ ಒಳ್ಳೊಳ್ಳೆಯ ಆಟಗಾರರನ್ನು ಆರಿಸಿ ತಂದದ್ದು ಇನ್ನೊಂದು. ದಂಡಿನ ಬೀದಿಗಳಲ್ಲಿ ಕಣ್ಣಿಗೆ ಬಿದ್ದ ಹುಡುಗ ಒಂದೆರಡು ವರ್ಷಗಳಲ್ಲಿ ಕಲ್ಕತ್ತದ ಮೈದಾನದಲ್ಲಿರುತ್ತಿದ್ದ. ಕಾಗದದ ಮೇಲೆ ಎಲ್ಲರೂ ಹವ್ಯಾಸಿಗಳೇ. ಆದರೆ ಕಲ್ಕತ್ತದಲ್ಲಿ ಊಟ, ವಸತಿ, ಒಂದು ಕೆಲಸ, ಜೊತೆಗೆ ಜನರ ಜೈಕಾರ. ಬೆಂಗಳೂರಿನಲ್ಲಿ ಇವುಗಳಲ್ಲಿ ಯಾವುದಿತ್ತು?

ಈ ಹಿನ್ನೆಲೆಯಲ್ಲಿ 1937ರ ಫೈನಲನ್ನು ನೋಡಬೇಕು. ರೋವರ್ಸ್ ಕಪ್ಪಿನ ಚರಿತ್ರೆಯಲ್ಲಿ ಎರಡೂ ಕಡೆ ಭಾರತೀಯರೇ ಇದ್ದ ಮೊದಲ ಫೈನಲ್ ಅದು. ಅದಕ್ಕೂ ಮೊದಲು ಭಾರತೀಯರು ಯಾರೂ ಗೆದ್ದೇ ಇರಲಿಲ್ಲವಾದ್ದರಿಂದ ಬೇರೆ ರೀತಿ ಇರಲು ಸಾಧ್ಯವೂ ಇಲ್ಲ. ಎರಡೂ ತಂಡಗಳ ಹೆಸರಲ್ಲಿ ಒಂದೇ ಧರ್ಮವಿತ್ತು, ಆದ್ದರಿಂದ ಧರ್ಮದ ಜಿದ್ದಿಗೆ ಅಲ್ಲಿ ಜಾಗವೇ ಇರಲಿಲ್ಲ. ಇದ್ದದ್ದು ತವರುಮನೆಗೂ ಗಂಡನ ಮನೆಗೂ ನಡುವಿನ ಪಂದ್ಯ. ಮಗಳನ್ನು ಕೊಟ್ಟ ಮನೆಯವರು ಬೀಗರ ಮುಂದೆ ತಲೆ ಎತ್ತಿ ನಿಂತಂತೆ, ಆಟಗಾರರನ್ನು ಕೊಟ್ಟು ಕೊಟ್ಟು ಬರಿದಾಗಿರಬೇಕಿದ್ದ ಬೆಂಗಳೂರು, ಉಳಿದವರನ್ನೇ ಕಟ್ಟಿಕೊಂಡು ಬಂದು ಕಲ್ಕತ್ತದ ಚಾಂಪಿಯನ್ನರನ್ನು ಒಂದು ಗೋಲಿನಿಂದ ಮಣಿಸಿತು.

ಹೆಸರಿನ ವಿಷಯ ಬಂತು. ಇಂದು ‘ಮುಸ್ಲಿಮ್ಸ್’ ಎಂಬ ಹೆಸರಿನ ಆಟದ ತಂಡ ಎಂದರೆ ಹುಬ್ಬು ಮೇಲೇರುತ್ತದೆ. ಆ ಕಾಲದ ಬೊಂಬಾಯಿಯಲ್ಲಿ ಏರುತ್ತಿರಲಿಲ್ಲ. ಕೂಪರೇಜಿನಿಂದ ಕೂಗಳತೆ ದೂರದಲ್ಲೇ ಹಿಂದೂ, ಪಾರ್ಸಿ, ಮುಸ್ಲಿಂ, ಯುರೋಪಿಯನ್ ಎಂದು ಗುಂಪು ಕಟ್ಟಿ ಕ್ರಿಕೆಟ್ ಆಡುತ್ತಿದ್ದರು. 1937ರಲ್ಲೇ ಅದಕ್ಕೆ ‘ಉಳಿದವರು’ ಎಂಬ ಐದನೆಯ ತಂಡ ಸೇರಿ ಪೆಂಟಾಂಗ್ಯುಲರ್ ಎನಿಸಿತು. ಗಾಂಧೀಜಿ ಆ ಪದ್ಧತಿ ಒಳ್ಳೆಯದಲ್ಲ ಎಂದು ಹೇಳಿದ್ದು 1940ರಲ್ಲಿ, ಅದು ನಿಂತದ್ದು 1946ರ ಹೊತ್ತಿಗೆ. ಮರೀನ್ ಲೈನ್ಸಿನ ಸಾಲು ಜಿಮಖಾನಾಗಳ ಬೋರ್ಡು ಓದಿದರೆ ಈ ಹಳೆಯ ಲೆಕ್ಕಾಚಾರ ಈಗಲೂ ಕಣ್ಣಿಗೆ ಬೀಳುತ್ತದೆ.

ಮುಂದಿನ ವರ್ಷ, 1938ರಲ್ಲಿ, ಬೆಂಗಳೂರು ಮತ್ತೆ ಬಂತು. ಮೊದಲ ಗೆಲುವಿಗೆ ಒಂದು ಕೊರತೆ ಉಳಿದಿತ್ತು: ಸೋತದ್ದು ಸ್ವದೇಶಿಗಳು, ಗೋರಾಗಳಲ್ಲ. ಈ ಸಲ ಫೈನಲ್‌ನಲ್ಲಿ ಎದುರಾದದ್ದು ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್, ಸ್ಕಾಟ್ಲೆಂಡಿನ ಹೆಸರಾಂತ ಪಲ್ಟಣ. ಫುಟ್‌ಬಾಲನ್ನು ತಾಯಿಹಾಲಿನೊಂದಿಗೆ ಕುಡಿದು ಬಂದವರು ಎಂದು ಆ ನಾಡಿನವರ ಬಗ್ಗೆ ಹೇಳುವುದುಂಟು. ಐದು ಗೋಲುಗಳ ಪಂದ್ಯ. ಮೂರು ಬೆಂಗಳೂರಿನವು, ಎರಡು ಸ್ಕಾಟರವು. ಸತತ ಎರಡನೆಯ ಬಾರಿ ಕಪ್ ದಂಡಿಗೆ ಹೋಯಿತು.

ಹೋಗುವುದು ಎಂದರೆ ಸಣ್ಣ ಮಾತಲ್ಲ. ಬೆಂಗಳೂರಿನಿಂದ ಪುಣೆಗೆ ಆಗ ಮೀಟರ್ ಗೇಜ್ ಹಳಿ. ಅರಸೀಕೆರೆ, ಹರಿಹರ, ಹುಬ್ಬಳ್ಳಿ, ಬೆಳಗಾವಿ, ಮೀರಜ್ ಎಂದು ಊರೂರು ಮುಟ್ಟಿಕೊಂಡು, ಪುಣೆಯಲ್ಲಿ ಇಳಿದು, ಘಟ್ಟ ಇಳಿಯುವ ದೊಡ್ಡ ಗಾಡಿ ಹಿಡಿಯಬೇಕು. ದಾರಿಯ ಹುಬ್ಬಳ್ಳಿ, ಬೆಳಗಾವಿ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ್ದವು. ಧಾರವಾಡ, ವಿಜಾಪುರ, ಕಾರವಾರದ ಕನ್ನಡಿಗರಿಗೆ ಬೊಂಬಾಯಿಯೇ ರಾಜಧಾನಿ. 1956ರ ವರೆಗೂ ಹಾಗೆಯೇ ಇತ್ತು. ಘಟ್ಟದ ಕೆಳಗಿನ ದಕ್ಷಿಣ ಕನ್ನಡದ ಜನರಂತೂ ಹಡಗಿನಲ್ಲಿ ಬಂದು ಕೋಟೆ ಪ್ರದೇಶದ ಹೋಟೆಲುಗಳಲ್ಲಿ, ಗಿರಣಿಗಳಲ್ಲಿ ದುಡಿಯುತ್ತಿದ್ದರು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಮೈಸೂರು ಅಸೋಸಿಯೇಷನ್ 1926ರದು, ಬಂಟರ ಸಂಘ 1927ರದು, ಕರ್ನಾಟಕ ಸಂಘ 1933ರದು. ನಾಟಕ, ಯಕ್ಷಗಾನ, ರಾತ್ರಿ ಶಾಲೆ ಎಲ್ಲವನ್ನೂ ಕಟ್ಟಿಕೊಂಡ ಮುಂಬಯಿ ಕನ್ನಡಿಗರ ಕಥನಗಳಲ್ಲಿ ಈ ಎರಡು ಕಪ್‌ಗಳಿಗೆ ಮಾತ್ರ ಜಾಗ ಸಿಗಲಿಲ್ಲ. ದಂಡು ಕನ್ನಡದ ಮನಸ್ಸಿನಲ್ಲಿ ಬೆಂಗಳೂರಿನೊಳಗೇ ಹೊರಗಿನದಾಗಿತ್ತು. ಬೊಂಬಾಯಿಯಲ್ಲಿ ಅದನ್ನು ನಮ್ಮದು ಎಂದು ಯಾರು ಹೇಳಬೇಕಿತ್ತು?

1940ರಲ್ಲಿ ಮತ್ತೆ ಅದೇ ಬೀಗರು, ಅದೇ ಫೈನಲ್. ಈ ಸಲ ಮೊಹಮ್ಮಡನ್ ಸ್ಪೋರ್ಟಿಂಗ್ ಸಾಲ ತೀರಿಸಿಕೊಂಡಿತು, ಅದೂ ಅದೇ ಲೆಕ್ಕದಲ್ಲಿ, 1-0. ಆ ವರ್ಷ ಅದು ಡ್ಯುರಾಂಡ್ ಕಪ್ಪನ್ನೂ ಗೆದ್ದ ಮೊದಲ ಭಾರತೀಯ ತಂಡವಾಯಿತು. ಕಲ್ಕತ್ತದ ಕಥೆಗಳಲ್ಲಿ 1940 ಅಷ್ಟು ದೊಡ್ಡದಾಗಿ ಬೆಳೆದಿದೆಯೆಂದರೆ, ರೋವರ್ಸ್ ಗೆದ್ದ ಮೊದಲ ಭಾರತೀಯ ತಂಡವೂ ಮೊಹಮ್ಮಡನ್ನೇ ಎಂದು ತಪ್ಪಾಗಿ ಬರೆಯುವವರಿದ್ದಾರೆ. ಗೆದ್ದವರಿಗೆ ಪತ್ರಿಕೆಗಳಿರುವ ಊರು ಸಿಗುವುದೂ ಒಂದು ಭಾಗ್ಯ.

ಮಹಾಯುದ್ಧದ ವರ್ಷಗಳಲ್ಲಿ ಕೂಪರೇಜ್ ಮತ್ತೆ ಸೈನಿಕರ ಪಾಲಾಯಿತು. ಬೊಂಬಾಯಿಯಲ್ಲಿ ಬೀಡುಬಿಟ್ಟಿದ್ದ ವಿಮಾನಪಡೆಯ ತಂಡದ ಹೆಸರೂ ಕಪ್ಪಿನ ಮೇಲೆ ಸೇರಿತು. ಬೆಂಗಳೂರಿನಲ್ಲಿ ಮಾತ್ರ ಆಟ ನಿಲ್ಲಲಿಲ್ಲ. 1946-47ರ ಸಂತೋಷ್ ಟ್ರೋಫಿಯಲ್ಲಿ ಮೈಸೂರು ಸಂಸ್ಥಾನದ ತಂಡ ಬಂಗಾಳವನ್ನು ಸೋಲಿಸಿ ಮೊದಲ ಸಲ ರಾಷ್ಟ್ರೀಯ ಚಾಂಪಿಯನ್ ಆಯಿತು. 1947ರ ಜುಲೈಯಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ವಾರ ಮುಂಚೆ, ದಂಡು ಮೈಸೂರಿಗೆ ಮರಳಿತು. ಕಬ್ಬನ್ ಪಾರ್ಕಿನ ಎರಡೂ ಬದಿಗಳು ಕಾನೂನಿನ ಲೆಕ್ಕದಲ್ಲಾದರೂ ಒಂದೇ ಊರಾದವು.

ಆಮೇಲೆ ಬಂದದ್ದು 1948. ಬೆಂಗಳೂರಿನ ಫುಟ್‌ಬಾಲಿಗೆ ಅಂಥ ವರ್ಷ ಇನ್ನೊಂದು ಬಂದಿಲ್ಲ.

ಜುಲೈ 31ರಂದು ಲಂಡನ್ ಹೊರವಲಯದ ಇಲ್‌ಫರ್ಡ್‌ನಲ್ಲಿ ಸ್ವತಂತ್ರ ಭಾರತದ ತಂಡ ತನ್ನ ಮೊದಲ ಒಲಿಂಪಿಕ್ ಪಂದ್ಯ ಆಡಿತು, ಫ್ರಾನ್ಸಿನ ಎದುರು. ಭಾರತೀಯರಲ್ಲಿ ಹೆಚ್ಚಿನವರು ಬರಿಗಾಲಲ್ಲಿದ್ದರು. ನಾಗಾ ನಾಡಿನ ಡಾಕ್ಟರ್ ತಾಲಿಮೆರೆನ್ ಆವೊ ನಾಯಕ. ಗೋಲಿನಲ್ಲಿ ವರದರಾಜ್, ಮುಂದಿನ ಸಾಲಿನಲ್ಲಿ ಸಾರಂಗಪಾಣಿ ರಾಮನ್ ಮತ್ತು ಅಹ್ಮದ್ ಖಾನ್; ಮೂವರೂ ಮೈಸೂರು ಸಂಸ್ಥಾನದ ಕೊಡುಗೆ. ಫ್ರಾನ್ಸ್ ಮೊದಲ ಗೋಲು ಹೊಡೆಯಿತು. ಎಪ್ಪತ್ತನೆಯ ನಿಮಿಷದಲ್ಲಿ ರಾಮನ್ ಸಮ ಮಾಡಿದರು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು. ಸಿಕ್ಕ ಎರಡು ಪೆನಾಲ್ಟಿಗಳು ಕೈತಪ್ಪಿದವು. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2-1ರಿಂದ ಪಾರಾಯಿತು. ಸೋತರೂ ಬರಿಗಾಲಿನವರಿಗೆ ಇಂಗ್ಲಿಷ್ ಪ್ರೇಕ್ಷಕರು ಎದ್ದುನಿಂತು ಚಪ್ಪಾಳೆ ತಟ್ಟಿದರು.

ಅಹ್ಮದ್ ಖಾನ್ 1926ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಬೆಂಗಳೂರು ಮುಸ್ಲಿಮ್ಸ್ ಅಂಗಿಯಲ್ಲಿ ಬೆಳೆದವರು. ಚೆಂಡು ಅವರ ಬರಿಗಾಲಿನ ಮುಂದೆ ಬುಟ್ಟಿಯಿಂದೆದ್ದ ನಾಗರದಂತೆ ಆಡುತ್ತಿತ್ತಂತೆ. ‘ಹಾವಾಡಿಗ’ ಎಂಬ ಅಡ್ಡಹೆಸರು ಬಂದದ್ದು ಹಾಗೆ. ದಂಡಿನ ಜಲ್ಲಿ ನೆಲದ ಶಾಲೆಯಲ್ಲಿ ಕಲಿತವರು ಹೇಗೆ ಆಡುತ್ತಿದ್ದರು ಎಂಬುದಕ್ಕೆ ಅವರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಅದೇ 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮೂರನೆಯ ಬಾರಿ ರೋವರ್ಸ್ ಫೈನಲ್ ಗೆದ್ದಿತು. ಸೋತದ್ದು ಮೋಹನ್ ಬಾಗಾನ್, ಅಂತರ ಮತ್ತೆ ಅದೇ ಒಂದು ಗೋಲು. ಹನ್ನೊಂದು ವರ್ಷಗಳಲ್ಲಿ ನಾಲ್ಕು ಫೈನಲ್, ಮೂರು ಕಪ್. ಕಲ್ಕತ್ತದ ಎರಡು ದೈತ್ಯರಿಗೂ ಒಂದು ಸ್ಕಾಟಿಷ್ ಪಲ್ಟಣಕ್ಕೂ ಸೋಲು. ಯಾವ ಗಿರಣಿಯ ಧಣಿಯ ಹಣವೂ ಯಾವ ಮಹಾರಾಜರ ಖಜಾನೆಯೂ ಹೆಸರಿನಲ್ಲಿ ಇಲ್ಲದ ಒಂದು ಮೊಹಲ್ಲಾ ತಂಡದ ಲೆಕ್ಕ ಇದು.

ಮರುವರ್ಷವೂ ಅಹ್ಮದ್ ಖಾನ್ ರೋವರ್ಸ್ ಕಪ್ ಗೆದ್ದರು. ಆದರೆ ಅಂಗಿಯ ಬಣ್ಣ ಬೇರೆಯಾಗಿತ್ತು, ಕೆಂಪು ಮತ್ತು ಚಿನ್ನದ ಬಣ್ಣ. 1949ರಲ್ಲಿ ಕಲ್ಕತ್ತದ ಈಸ್ಟ್ ಬೆಂಗಾಲ್ ಅವರನ್ನು ಕರೆಸಿಕೊಂಡಿತ್ತು. ಅಲ್ಲಿನ ಮುಂದಿನ ಸಾಲಿನ ಐವರೂ ದಕ್ಷಿಣದವರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್, ಸಾಲೆ. ಬಂಗಾಳಿಗಳು ಅವರನ್ನು ಪಂಚಪಾಂಡವರು ಎಂದು ಕರೆದರು. ಧನರಾಜ್ ಕೂಡ ಬೆಂಗಳೂರಿನವರೇ. ಆ ವರ್ಷ ಈಸ್ಟ್ ಬೆಂಗಾಲ್ ಲೀಗ್, ಶೀಲ್ಡ್, ರೋವರ್ಸ್ ಮೂರನ್ನೂ ಬಾಚಿತು. ಬೆಂಗಳೂರು ಮುಸ್ಲಿಮ್ಸ್ ಮತ್ತೆ ಆ ಎತ್ತರ ಮುಟ್ಟಲಿಲ್ಲ. ಒಳ್ಳೆಯ ತಂಡ ಕಟ್ಟುವುದೇ ಅದನ್ನು ಕಳೆದುಕೊಳ್ಳುವ ದಾರಿಯಾಗಿತ್ತು: ಬೊಂಬಾಯಿಯಲ್ಲಿ ಕಪ್ ಗೆದ್ದರೆ ಕಲ್ಕತ್ತದವರ ಕಣ್ಣು ಬೀಳುತ್ತದೆ, ಕಣ್ಣು ಬಿದ್ದವನು ಮುಂದಿನ ಮಳೆಗಾಲಕ್ಕೆ ಇರುವುದಿಲ್ಲ. ಹೋದವರನ್ನು ದೂರುವಂತಿಲ್ಲ. ಹತ್ತು ವರ್ಷ ಈಸ್ಟ್ ಬೆಂಗಾಲಿಗೆ ಆಡಿದ ಅಹ್ಮದ್ 1951ರ ದೆಹಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ಕಂಡರು, 1952ರ ಹೆಲ್ಸಿಂಕಿಗೂ ಹೋದರು. 2017ರ ಆಗಸ್ಟಿನಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಹುಟ್ಟಿದ ಊರಲ್ಲೇ ತೀರಿಕೊಂಡರು.

ಹೆಲ್ಸಿಂಕಿ ಬರಿಗಾಲಿನ ಯುಗದ ಕೊನೆಯ ಅಂಕ. ಕೊರೆಯುವ ಚಳಿ, ಎದುರಿಗೆ ಯುಗೊಸ್ಲಾವಿಯ, ಸೋಲು 1-10. ಆ ಒಂದು ಗೋಲು ಅಹ್ಮದ್ ಖಾನರದು. ಮರಳಿ ಬಂದ ಮೇಲೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬೂಟನ್ನು ಕಡ್ಡಾಯ ಮಾಡಿತು. 1950ರ ವಿಶ್ವಕಪ್ಪಿಗೆ ಭಾರತ ಹೋಗದಿದ್ದದ್ದು ಬರಿಗಾಲಿನಿಂದಾಗಿ ಎಂಬ ಜನಪ್ರಿಯ ಕಥೆಯನ್ನು ಮಾತ್ರ ನಂಬಬೇಕಿಲ್ಲ. ಬ್ರೆಜಿಲ್ ದೂರವಿತ್ತು, ಹಡಗಿನ ಪಯಣ ಉದ್ದವಿತ್ತು, ಒಲಿಂಪಿಕ್ಸ್ ಮುಂದೆ ವಿಶ್ವಕಪ್ ಏನು ಮಹಾ ಎಂಬ ಭಾವನೆಯೂ ಆಗಿನ ಅಧಿಕಾರಿಗಳಲ್ಲಿತ್ತು. ಆದರೂ ಬೂಟು ಬಡ ಕ್ಲಬ್ಬುಗಳ ಲೆಕ್ಕಪುಸ್ತಕಕ್ಕೆ ಹೊಸ ಖರ್ಚನ್ನು ತಂದದ್ದು ನಿಜ. ಹನ್ನೊಂದು ಜೋಡಿ ಬೂಟಿನ ಬೆಲೆ ಮೊಹಲ್ಲಾದ ಚಂದಾ ಹಣಕ್ಕೆ ಹಗುರವೇನಲ್ಲ.

ಐವತ್ತರ ದಶಕದ ಹೊತ್ತಿಗೆ ರೋವರ್ಸ್ ಸ್ವರೂಪವೇ ಬದಲಾಯಿತು. 1950ರಿಂದ 54ರ ವರೆಗೆ ಸತತ ಐದು ವರ್ಷ ಹೈದರಾಬಾದ್ ಸಿಟಿ ಪೊಲೀಸ್ ಗೆದ್ದಿತು. ಅದು ಸೈಯದ್ ಅಬ್ದುಲ್ ರಹೀಮರ ಗರಡಿಯಲ್ಲಿ ತಯಾರಾದ ತಂಡ, ಆಟಗಾರರೆಲ್ಲ ಪೊಲೀಸ್ ಪಗಾರದವರು. 1958ರಲ್ಲಿ ಬೊಂಬಾಯಿಗೇ ಕಪ್ ಸಿಕ್ಕಿತು. ಕಾಲ್ಟೆಕ್ಸ್ ತಂಡ ಮೊಹಮ್ಮಡನ್ ಸ್ಪೋರ್ಟಿಂಗನ್ನು 3-2ರಿಂದ ಸೋಲಿಸಿತು. ಕಾಲ್ಟೆಕ್ಸ್ ಎಂದರೆ ಎಣ್ಣೆ ಕಂಪನಿ. ಬೊಂಬಾಯಿಯ ಹೆಮ್ಮೆಯ ಆಟಗಾರ ನೆವಿಲ್ ಡಿಸೋಜಾ ಟಾಟಾ ಮತ್ತು ಕಾಲ್ಟೆಕ್ಸ್ ತಂಡಗಳಿಗೆ ಆಡಿದವರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯದ ಎದುರು ಮೂರು ಗೋಲು ಹೊಡೆದು, ಒಲಿಂಪಿಕ್ ಫುಟ್‌ಬಾಲಿನಲ್ಲಿ ಹ್ಯಾಟ್ರಿಕ್ ಗಳಿಸಿದ ಮೊದಲ ಏಷ್ಯನ್ ಎನಿಸಿದವರು. ಬಾಂದ್ರಾ ರೆಕ್ಲಮೇಷನ್ನಿನ ಫುಟ್‌ಬಾಲ್ ಮೈದಾನಕ್ಕೆ ಈಗ ಅವರ ಹೆಸರಿದೆ.

ಹೀಗೆ ಟಾಟಾ, ಮಫತ್‌ಲಾಲ್, ಓರ್ಕೆ ಮಿಲ್ಸ್, ಮಹೀಂದ್ರಾ, ಏರ್ ಇಂಡಿಯಾ, ಚೆಂಬೂರಿನ ಆರ್.ಸಿ.ಎಫ್., ರೈಲ್ವೆ, ಬ್ಯಾಂಕುಗಳು ಎಂದು ಬೊಂಬಾಯಿಯ ಲೀಗ್ ಕಂಪನಿಗಳ ಹಾಜರಿ ಪುಸ್ತಕದಂತಾಯಿತು. ಬೆಂಗಳೂರಿನಲ್ಲೂ ಅದೇ ಕಥೆ, ಹೆಸರು ಮಾತ್ರ ಬೇರೆ: ಎಚ್.ಎ.ಎಲ್., ಐ.ಟಿ.ಐ., ಎಂ.ಇ.ಜಿ. ಫುಟ್‌ಬಾಲ್ ಆಡುವ ಹುಡುಗನಿಗೆ ಕಾರ್ಖಾನೆಯಲ್ಲಿ ಕಾಯಂ ನೌಕರಿ, ಮಧ್ಯಾಹ್ನದ ಮೇಲೆ ಅಭ್ಯಾಸಕ್ಕೆ ರಜೆ, ನಿವೃತ್ತಿಯಾದರೆ ಪಿಂಚಣಿ. ಯಾವ ಮೊಹಲ್ಲಾ ಕ್ಲಬ್ ಇದರ ಜೊತೆ ಪೈಪೋಟಿ ಮಾಡೀತು? ಮೈಸೂರು ತಂಡ 1952, 1967 ಮತ್ತು 1968ರ ಸಂತೋಷ್ ಟ್ರೋಫಿ ಫೈನಲ್‌ಗಳಲ್ಲಿ ಬಂಗಾಳವನ್ನು ಮಣಿಸಿದ ಹೊತ್ತಿಗೆ ಅದರ ಬೆನ್ನೆಲುಬು ಹವ್ಯಾಸಿ ಕ್ಲಬ್ಬುಗಳಿಂದ ಕಾರ್ಖಾನೆ ತಂಡಗಳತ್ತ ಸರಿಯುತ್ತಿತ್ತು.

ಕಲ್ಕತ್ತದ ರೈಲು ಮಾತ್ರ ತಪ್ಪಲಿಲ್ಲ. ಕೆಂಪಯ್ಯ, 1962ರ ಜಕಾರ್ತಾ ಏಷ್ಯಾಡ್ ಚಿನ್ನದ ತಂಡದ ಅರುಮೈನಾಯಗಂ, ಆಮೇಲೆ ಉಲಗನಾಥನ್, ಇನ್ನೂ ಆಮೇಲೆ ಆಸ್ಟಿನ್ ಟೌನಿನ ಕಾರ್ಲ್‌ಟನ್ ಚಾಪ್ಮನ್. ಚಾಪ್ಮನ್ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ 2001ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದಿತು. ಅವರು 2020ರ ಅಕ್ಟೋಬರಿನಲ್ಲಿ ನಲವತ್ತೊಂಬತ್ತರ ವಯಸ್ಸಿನಲ್ಲೇ ಹೋಗಿಬಿಟ್ಟರು. ಅಹ್ಮದ್ ಖಾನರ ದಾರಿಯಲ್ಲೇ ಅರ್ಧ ಶತಮಾನದ ಬಳಿಕ ನಡೆದವರು.

ರೋವರ್ಸ್ ಕಪ್ ಮಾತ್ರ ಚಾಪ್ಮನ್ ಲೀಗ್ ಗೆದ್ದ ಹೊತ್ತಿಗೇ ಕಣ್ಮುಚ್ಚಿತು. ಹೊಸ ಲೀಗುಗಳ ವೇಳಾಪಟ್ಟಿಯಲ್ಲಿ ಹಳೆಯ ನಾಕೌಟ್ ಪಂದ್ಯಾವಳಿಗಳಿಗೆ ಜಾಗವಿರಲಿಲ್ಲ; 2000-01ರ ಬಳಿಕ ಅದು ನಿಂತುಹೋಯಿತು, ಕೊನೆಯ ಬಾರಿ ಗೆದ್ದದ್ದು ಮೋಹನ್ ಬಾಗಾನ್. ಕಂಪನಿಗಳಿಗೂ ಆಟ ಬೇಡವಾಯಿತು. ಮಹೀಂದ್ರಾ ಯುನೈಟೆಡ್ 2010ರಲ್ಲಿ ಬಾಗಿಲು ಹಾಕಿತು, 2007ರಲ್ಲಿ ಹುಟ್ಟಿದ ಮುಂಬೈ ಎಫ್.ಸಿ. ಹತ್ತು ವರ್ಷ ಬಾಳಿತು. ವಿಚಿತ್ರವೆಂದರೆ ಇವೆಲ್ಲದರ ನಡುವೆ ಉಳಿದುಕೊಂಡವು ಸಣ್ಣವು. ಕ್ರಾಸ್ ಮೈದಾನದ ಕರ್ನಾಟಕ ಸ್ಪೋರ್ಟಿಂಗ್ ಅಸೋಸಿಯೇಷನ್ ಕ್ರಿಕೆಟ್ಟಿನ ಕಾಂಗಾ ಲೀಗಿನ ಜೊತೆಗೆ ಮುಂಬಯಿಯ ಫುಟ್‌ಬಾಲ್ ಲೀಗಿನಲ್ಲೂ ತಂಡ ಇಳಿಸುತ್ತದೆ. ಮುಂಬಯಿಯ ಮೈದಾನದಲ್ಲಿ ಕರ್ನಾಟಕ ಎಂಬ ಹೆಸರು ಕೇಳಿಸುವುದು ಈಗ ಅದರಿಂದಲೇ. ಬೆಂಗಳೂರಿನ ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಜೊತೆ ಪೆಲೆಯ ಪ್ರತಿಮೆಯೂ ನಿಂತಿದೆ. ಅಲ್ಲಿನ ಹುಡುಗರು ಸಂಜೆ ಈಗಲೂ ಚೆಂಡು ಒದೆಯುತ್ತಾರೆ, ಬೂಟು ಹಾಕಿಕೊಂಡು. 2023ರ ಮಾರ್ಚಿ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, ಐವತ್ತನಾಲ್ಕು ವರ್ಷಗಳ ಬಳಿಕ ಸಂತೋಷ್ ಟ್ರೋಫಿ ತಂದಾಗ ಬೀದಿಯಲ್ಲಿ ಪಟಾಕಿ ಹೊಡೆಯಲು ಕಾರಣ ಸಿಕ್ಕಿತು.

ಇನ್ನೊಂದು ತಿರುವು ಹೇಳಲೇಬೇಕು. 2013ರಲ್ಲಿ ಬೆಂಗಳೂರಿಗೆ ಒಂದು ದೊಡ್ಡ ವೃತ್ತಿಪರ ಕ್ಲಬ್ ಬಂತು, ಬೆಂಗಳೂರು ಎಫ್.ಸಿ. ಹಣ ಹಾಕಿದ್ದು ಮುಂಬಯಿಯಲ್ಲಿ ಕಚೇರಿ ಇರುವ ಜೆ.ಎಸ್.ಡಬ್ಲ್ಯು. ಸಮೂಹ. ಮೊದಲ ವರ್ಷವೇ ಐ-ಲೀಗ್ ಗೆದ್ದ ಆ ತಂಡ, 2019ರ ಮಾರ್ಚಿ 17ರಂದು ಇಂಡಿಯನ್ ಸೂಪರ್ ಲೀಗ್ ಫೈನಲ್ ಆಡಲು ಮುಂಬಯಿಗೆ ಬಂತು. ಕೂಪರೇಜಿಗೆ ಅಲ್ಲ, ಉಪನಗರ ಅಂಧೇರಿಯ ಕ್ರೀಡಾಂಗಣಕ್ಕೆ. ಎದುರಾಳಿ ಎಫ್.ಸಿ. ಗೋವಾ. ತೊಂಬತ್ತು ನಿಮಿಷ ಗೋಲಿಲ್ಲ, ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂದಿತ್ತು. 117ನೆಯ ನಿಮಿಷದಲ್ಲಿ ಒಂದು ಕಾರ್ನರ್ ತೇಲಿ ಬಂತು. ತಲೆ ಕೊಟ್ಟು ಒಳಗೆ ಹಾಕಿದವನು ರಾಹುಲ್ ಭೇಕೆ, ಮುಂಬಯಿಯ ಹುಡುಗ. ಬೆಂಗಳೂರು 1, ಗೋವಾ 0.